50 ಲೀಟರಿನ ಐಸ್ ಬಾಕ್ಸು, ಐದು ರಾತ್ರಿಯ ಖಂಡ

ನಾನು ಕಲಬುರಗಿ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸು. 19 ವರ್ಷದಿಂದ ಬೆಳಿಗ್ಗೆ ಕೈಚೀಲ ಇಟ್ಟ ಕೂಡಲೇ ಮಾಡುವ ಮೊದಲ ಕೆಲಸ ಒಂದೇ: ಲಸಿಕೆಯ ಫ್ರಿಜ್ಜಿನ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯುವುದು. 2ರಿಂದ 8 ಡಿಗ್ರಿಯ ಒಳಗೆ ಇರಬೇಕು. ಸಂಜೆ ಇನ್ನೊಮ್ಮೆ. ಹಬ್ಬ ಇರಲಿ, ಭಾನುವಾರ ಇರಲಿ, ತಪ್ಪಿಸುವ ಹಾಗಿಲ್ಲ. ಆದ್ದರಿಂದ ಖಂಡ, ಅಂದರೆ ಮಾಂಸ, ಕೆಡದಂತೆ ಇಡುವ ಐಸ್ ಬಾಕ್ಸಿನ ಬಗ್ಗೆ ನಾನು ಬರೆದರೆ ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿರಿ. ಮಕ್ಕಳನ್ನು ಕರೆದುಕೊಂಡು ನಾಲ್ಕೈದು ದಿನ ಹೊಲದಲ್ಲೋ ಹೊಳೆ ದಂಡೆಯಲ್ಲೋ ಡೇರೆ ಹಾಕುವವರು ಓದಲೇಬೇಕು ಅನ್ನುವುದು ನನ್ನ ಆಸೆ.

ನನ್ನ ತವರು ಚಿಂಚೋಳಿ ತಾಲ್ಲೂಕು. ಅಣ್ಣನ ಹೊಲ ಕಾಡಿನ ಅಂಚಿಗಿದೆ. ಎಳ್ಳ ಅಮವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ಅವತ್ತು ಭಜ್ಜಿ, ಸಜ್ಜಿ ರೊಟ್ಟಿ, ಕಡುಬು. ಚರಗ ಚೆಲ್ಲಿ (ಭೂತಾಯಿಗೆ ಎಡೆಯನ್ನು ಹೊಲದಲ್ಲಿ ಎರಚಿ), ಊಟ ಮಾಡಿ, ಊರಿನವರೆಲ್ಲ ಮನೆಗೆ ಮರಳಿದರೆ ನಾವು ಒಂಬತ್ತು ಮಂದಿ ಮಾತ್ರ ಡೇರೆ ಹೂಡಿ ಅಲ್ಲೇ ಉಳಿಯುತ್ತೇವೆ, ಐದು ರಾತ್ರಿ. ಹೊಲದಲ್ಲಿ ತೊಗರಿ ಕಟಾವಿಗೆ ಬಂದಿರುತ್ತದೆ, ಮಕ್ಕಳಿಗೆ ಸುಟ್ಟ ತೊಗರಿಕಾಯಿ, ನಮಗೆ ರಾತ್ರಿ ಬೆಂಕಿ. ಆಮೇಲೆ ಖಂಡದ ಅಡಿಗೆ ಶುರು. ಹತ್ತಿರದ ಮಟನ್ ಅಂಗಡಿಗೆ ಹೋಗಿಬರುವುದರಲ್ಲಿ ಅರ್ಧ ದಿನ ಹೋಗುತ್ತದೆ, ಆದ್ದರಿಂದ ಕಲಬುರಗಿಯಿಂದಲೇ ಒಯ್ಯುವುದು ನಮ್ಮ ರೂಢಿ.

ಮೂರು ವರ್ಷದ ಹಿಂದೆ ಅದು ಕೆಟ್ಟಿತು. ಥರ್ಮಾಕೋಲ್ ಡಬ್ಬಿ, ದಾರಿಯಲ್ಲಿ ಕೊಂಡ ಪುಡಿ ಬರ್ಫು (ಐಸ್), ಆಗಷ್ಟೇ ಕಡಿದ ಮೂರು ಕಿಲೋ ಮಟನ್, ಒಂದು ಕಿಲೋ ಖೀಮಾ (ಕೊಚ್ಚಿದ ಮಟನ್). ಎರಡನೇ ದಿನ ಸಂಜೆ ಮುಚ್ಚಳ ತೆಗೆದರೆ ಬರ್ಫು ಎಲ್ಲ ಕರಗಿ ಕೆಂಪು ನೀರಾಗಿತ್ತು, ಖೀಮಾದ ಚೀಲ ಅದರಲ್ಲಿ ತೇಲುತ್ತಿತ್ತು. ವೈನಿ (ಅಣ್ಣನ ಹೆಂಡತಿ) ಮೂಸಿ ನೋಡಿದಳು. "ವಾಸನಿ ಏನೂ ಇಲ್ಲ ನೋಡು, ಛಲೋ ಕುದಿಸಿದ್ರ ಆಯ್ತು" ಅಂದಳು. ನಾನೂ ಒಪ್ಪಿದೆ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ರಾತ್ರಿ ಒಂದು ಗಂಟೆಗೆ ಅಣ್ಣನ ಕಿರಿ ಮಗಳು ವಾಂತಿ ಶುರು ಮಾಡಿದಳು, ಆರು ವರ್ಷದ ಕೂಸು. ಬೆಳಗಾಗುವುದರೊಳಗೆ ಇನ್ನಿಬ್ಬರಿಗೆ ವಾಂತಿ, ಭೇದಿ. ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪ್ಯಾಕೆಟ್ ಕಲಸಿ ಚಮಚದಲ್ಲಿ ಕುಡಿಸುತ್ತಾ ಕುಳಿತೆ. ಬೆಳಿಗ್ಗೆ ಆಸ್ಪತ್ರೆಗೆ ಒಯ್ದೆವು, ಎಲ್ಲರೂ ಚೇತರಿಸಿಕೊಂಡರು. ಆದರೆ ಆ ಕೂಸಿನ ಬಾಯಿ ಒಣಗಿ, ಕಣ್ಣು ಒಳಗೆ ಹೋಗಿದ್ದನ್ನು ನಾನು ಮರೆತಿಲ್ಲ.

ವಾಸನೆ ಬಂದಿಲ್ಲ ಅಂದರೆ ಖಂಡ ಚೆನ್ನಾಗಿದೆ ಅನ್ನುವುದು ನಿಜವಲ್ಲ. ವಾಸನೆ ಎಬ್ಬಿಸುವ ಕ್ರಿಮಿ ಬೇರೆ, ಹೊಟ್ಟೆ ಕೆಡಿಸುವ ಕ್ರಿಮಿ ಬೇರೆ. ಕುದಿಸಿದರೆ ಎಲ್ಲ ಸಾಯುತ್ತದೆ ಅನ್ನುವುದೂ ಅರ್ಧವೇ ಸರಿ. ಕೆಲವು ಕ್ರಿಮಿಗಳು ಖಂಡದಲ್ಲಿ ಬೆಳೆಯುವಾಗಲೇ ವಿಷ ಬಿಟ್ಟಿರುತ್ತವೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಆ ವಿಷ ಎಷ್ಟೋ ಸಲ ಉಳಿಯುತ್ತದೆ. 5 ಡಿಗ್ರಿಯಿಂದ 60 ಡಿಗ್ರಿ ಅವುಗಳಿಗೆ ಹಿತವಾದ ಹವೆ. ಚಳಿಗಾಲ ಅಲ್ವಾ, ಒಂದು ರಾತ್ರಿ ಹೊರಗಿಟ್ಟರೆ ಏನಾಗುತ್ತದೆ ಅಂತ ನಮ್ಮ ಮನೆಯವರು ಈಗಲೂ ಕೇಳುತ್ತಾರೆ. ನಾವು ಕಂಬಳಿ ಹೊದ್ದುಕೊಳ್ಳುವ 15 ಡಿಗ್ರಿಯಲ್ಲೂ ಅವು ಬೆಳೆಯುತ್ತಲೇ ಇರುತ್ತವೆ.

ಅದಾದ ಮೇಲೆ ಕೊಂಡದ್ದು ಈ ಬಾಕ್ಸು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಕಡೆ ನಾಲ್ಕು ಅಂಗಡಿ ತಿರುಗಿ, 50 ಲೀಟರಿನದು, 4,600 ರೂಪಾಯಿ ಕೊಟ್ಟು ತಂದೆ. ಗೋಡೆಯ ಒಳಗೆ ಪಫ್ (ಬಿಸಿ ತಡೆಯುವ ಫೋಮ್) ತುಂಬಿದ ಗಟ್ಟಿ ಪ್ಲಾಸ್ಟಿಕ್ಕಿನದು. ಖಾಲಿ ಇದ್ದಾಗಲೇ ಏಳು ಕಿಲೋ ತೂಗುತ್ತದೆ. ಎರಡು ಚಳಿಗಾಲ, ಒಂದು ಬೇಸಿಗೆ ಬಳಸಿದ್ದೇನೆ.

ಕೊಳ್ಳುವಾಗ ಅಂಗಡಿಯವನು ಬಣ್ಣ ತೋರಿಸುತ್ತಾನೆ, ಚಕ್ರ ತೋರಿಸುತ್ತಾನೆ. ನೀವು ಮುಚ್ಚಳವನ್ನು ಬೆರಳಗಂಟಿನಿಂದ ಬಡಿದು ನೋಡಿರಿ. ಎಷ್ಟೋ ಬಾಕ್ಸುಗಳಲ್ಲಿ ಗೋಡೆಗೆ ಪಫ್ ಇರುತ್ತದೆ, ಮುಚ್ಚಳ ಒಳಗೆ ಟೊಳ್ಳು. ಟೊಳ್ಳಾದರೆ ಡಬ್ಬ ಬಡಿದಂತೆ ಶಬ್ದ ಬರುತ್ತದೆ, ತುಂಬಿದ್ದರೆ ಕಟ್ಟಿಗೆ ಬಡಿದಂತೆ ಧಬ್ ಅನ್ನುತ್ತದೆ. ಆಮೇಲೆ ಒಂದು ಕಾಗದದ ತುಂಡು ಅಂಚಿಗೆ ಇಟ್ಟು ಮುಚ್ಚಳ ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ರಬ್ಬರ್ ಕೂತಿಲ್ಲ, ಗಾಳಿ ಆಡುತ್ತದೆ. ಕಾಗದ ಹಿಡಿದು ನಾಲ್ಕೂ ಬದಿ ನೋಡುತ್ತಾ ನಿಂತಾಗ ಅಂಗಡಿಯ ಹುಡುಗ, "ಅಕ್ಕಾ, ಏನ್ ಮಾಡ್ಲಿಕತ್ತೀರಿ?" ಅಂತ ಕೇಳಿದ. ಹೇಳಿಕೊಟ್ಟೆ. ಮೂರು ಬಾಕ್ಸು ಫೇಲ್ ಆದವು, ನಾಲ್ಕನೆಯದನ್ನು ತೆಗೆದುಕೊಂಡೆ.

ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿದೆ. ವೈರಿನ ತುದಿಗೆ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕಡ್ಡಿ ಒಳಗೆ, ಅಂಕಿ ತೋರಿಸುವ ತುಂಡು ಹೊರಗೆ, ಮುಚ್ಚಳ ತೆಗೆಯುವುದೇ ಬೇಡ. ಬಾಕ್ಸಿಗಿಂತ ಮೊದಲು ಇದನ್ನು ಕೊಳ್ಳಿರಿ ಅಂತ ಹೇಳುತ್ತೇನೆ, ಅಷ್ಟು ಮುಖ್ಯ. ಬಾಕ್ಸು ಎಷ್ಟೇ ದುಬಾರಿಯದಾಗಲಿ, ಒಳಗೆ ಎಷ್ಟು ಡಿಗ್ರಿ ಇದೆ ಎಂದು ಗೊತ್ತಿಲ್ಲದೆ ಮೂರನೇ ದಿನ ಅದರಿಂದ ಖಂಡ ತೆಗೆದು ಮಕ್ಕಳಿಗೆ ಬಡಿಸಲು ನನಗೆ ಧೈರ್ಯವಿಲ್ಲ.

ತಯಾರಿ ಹೊರಡುವ ಮೂರು ದಿನ ಮೊದಲೇ ಶುರುವಾಗುತ್ತದೆ. ಮಟನ್ ತರುವ ಅಂಗಡಿಯ ಚಾಚಾ ಹಳೆಯ ಪರಿಚಯ, ಅವರ ಮೊಮ್ಮಕ್ಕಳಿಗೆ ಲಸಿಕೆ ಹಾಕಿದವಳು ನಾನೇ. "ಸಿಸ್ಟರ್, ಈಗಷ್ಟೇ ಕಡದೀನಿ, ಖಂಡ ಇನ್ನಾ ಬೆಚ್ಚಗ ಅದ. ಹಿಂಗೇ ಡಬ್ಬಿಗಿ ಹಾಕಬ್ಯಾಡ್ರಿ, ಬರ್ಫೆಲ್ಲ ತಿಂದುಬಿಡ್ತದ" ಅಂದರು. ಅವರ ಮಾತು ಲೆಕ್ಕಕ್ಕೂ ಸರಿ ಹೊಂದುತ್ತದೆ. ಐದು ಕಿಲೋ ಬೆಚ್ಚಗಿನ ಖಂಡ ತಣ್ಣಗಾಗುವುದರಲ್ಲೇ ಒಂದೂವರೆ ಕಿಲೋದಷ್ಟು ಬರ್ಫು ಕರಗಿ ಹೋಗುತ್ತದೆ. ಆದ್ದರಿಂದ ಮನೆಗೆ ತಂದು, ನೀರು ಒರೆಸಿ, ಅರ್ಧರ್ಧ ಕಿಲೋ ಮಾಡಿ, ಚಪ್ಪಟೆಯಾಗಿ ಎರಡೆರಡು ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಲ್ಲಾಗುವ ತನಕ ಇಡುತ್ತೇನೆ. ಉಂಡೆ ಕಟ್ಟಿದರೆ ಒಳಗಿನ ತನಕ ತಣ್ಣಗಾಗಲು ಬಹಳ ಹೊತ್ತು ಬೇಕು. ಕಲ್ಲಾದ ಖಂಡವೇ ಮುಂದೆ ಬರ್ಫಿನ ಕೆಲಸವನ್ನೂ ಮಾಡುತ್ತದೆ. ತೊಡೆಯ ಭಾಗ ಮಾತ್ರ ಇಡಿಯಾಗಿ, ಎಲುಬಿನ ಸಮೇತ.

ಖೀಮಾ ನಮ್ಮ ಪಟ್ಟಿಯಿಂದ ಶಾಶ್ವತವಾಗಿ ಹೋಗಿದೆ. ಇಡೀ ತುಂಡಿನಲ್ಲಿ ಕ್ರಿಮಿ ಹೆಚ್ಚಾಗಿ ಮೇಲ್ಮೈಯಲ್ಲೇ ಇರುತ್ತದೆ. ಖೀಮಾ ಮಾಡಿದಾಗ ಆ ಮೇಲ್ಮೈಯನ್ನೇ ಖಂಡದ ತುಂಬ ಕಲಸಿದಂತಾಗುತ್ತದೆ. ಚಾಚಾ ಪ್ರತಿ ಸಲ ಕೇಳುತ್ತಾರೆ, ನಾನು ಬೇಡ ಅನ್ನುತ್ತೇನೆ.

ಬರ್ಫಿಗೆ ಎಂಟು ಬಾಟಲಿ, ಎರಡೆರಡು ಲೀಟರಿನವು. ಕಂಠದವರೆಗೆ ತುಂಬಬೇಡಿರಿ, ನೀರು ಗಟ್ಟಿಯಾದಾಗ ಉಬ್ಬುತ್ತದೆ, ಬಾಟಲಿ ಸೀಳುತ್ತದೆ. ನಮ್ಮ ಫ್ರಿಜ್ಜಿನಲ್ಲಿ ಮೂರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಉಳಿದವನ್ನು ಪಕ್ಕದ ಮನೆಯವರ ಫ್ರಿಜ್ಜಿಗೂ ನಾದಿನಿಯ ಮನೆಗೂ ಹಂಚುತ್ತೇನೆ. ಪುಡಿ ಬರ್ಫು ಅಗ್ಗ, ಆದರೆ ಚೂರು ಚೂರಾದಷ್ಟೂ ಬೇಗ ಕರಗುತ್ತದೆ, ಕರಗಿದ ನೀರು ಖಂಡಕ್ಕೆ ತಾಗುತ್ತದೆ. ಬಾಟಲಿಯಲ್ಲಾದರೆ ನೀರು ಒಳಗೇ ಉಳಿಯುತ್ತದೆ. ಕಾರ್ಖಾನೆಯ ದೊಡ್ಡ ಗಡ್ಡೆ ಸಿಕ್ಕರೆ ಅದೂ ಒಳ್ಳೆಯದೇ, ಆದರೆ ಅದು ಕುಡಿಯುವ ನೀರಿನದಲ್ಲದಿರಬಹುದು, ದಪ್ಪ ಚೀಲದಲ್ಲಿ ಕಟ್ಟಿಯೇ ಇಡಬೇಕು.

ಹೊರಡುವ ಹಿಂದಿನ ರಾತ್ರಿ ಖಾಲಿ ಬಾಕ್ಸಿನಲ್ಲಿ ಎರಡು ಬರ್ಫಿನ ಬಾಟಲಿ ಇಟ್ಟು ಮುಚ್ಚಿ ಮಲಗುತ್ತೇನೆ. ಬೆಳಿಗ್ಗೆ ಅವನ್ನು ತೆಗೆದು ಹೊಸ ಬಾಟಲಿ ತುಂಬುವುದು. ಮಾಳಿಗೆ ಕೋಣೆಯಲ್ಲಿ ಬಿಸಿಯಾಗಿ ಕೂತ ಬಾಕ್ಸಿಗೆ ನೇರ ಬರ್ಫು ಹಾಕಿದರೆ ಅದರ ಗೋಡೆಯೇ ಮೊದಲ ಪಾಲು ಕರಗಿಸಿಬಿಡುತ್ತದೆ. ಉಳಿದ ಸಂದುಗಳಿಗೆ ಹಳೆ ಚಾದರ ಮಡಚಿ ತುರುಕುತ್ತೇನೆ. ಒಳಗೆ ಖಾಲಿ ಜಾಗ ಇದ್ದಷ್ಟೂ ಮುಚ್ಚಳ ತೆಗೆದಾಗಲೆಲ್ಲ ಅಷ್ಟು ಬಿಸಿ ಗಾಳಿ ಒಳಗೆ ಬರುತ್ತದೆ. ನಾಲ್ಕೇ ಮಂದಿ ಹೋಗುವವರಾದರೆ 50 ಲೀಟರ್ ಬೇಡ, 30 ಸಾಕು.

ಮೊದಲ ಚಳಿಗಾಲದ ಅಂಕಿಗಳು ನನ್ನ ನೋಟ್‌ಬುಕ್ಕಿನಲ್ಲಿವೆ. ಕಡ್ಡಿಯನ್ನು ಖಂಡದ ಪಾಕೀಟುಗಳ ನಡುವೆ ಇಟ್ಟಿದ್ದೆ. ಮೊದಲ ಸಂಜೆ 1 ಡಿಗ್ರಿ. ಎರಡನೇ ಸಂಜೆ 2. ಮೂರನೇ ಬೆಳಿಗ್ಗೆ 3, ಸಂಜೆ 4. ನಾಲ್ಕನೇ ಬೆಳಿಗ್ಗೆ 6, ಎಂಟು ಬಾಟಲಿಯಲ್ಲಿ ಎರಡರಲ್ಲಿ ಮಾತ್ರ ಬೆರಳಷ್ಟು ಬರ್ಫಿನ ತುಂಡು ಅಲ್ಲಾಡುತ್ತಿತ್ತು. ಬಾಕ್ಸಿನ ಮೇಲಿನ ಚೀಟಿಯಲ್ಲಿ ಐದು ದಿನ ಅಂತ ಅಚ್ಚಾಗಿದೆ. ನೆರಳಿನಲ್ಲಿ, ಮುಚ್ಚಳ ತೆಗೆಯದೆ, ಬರೀ ಬರ್ಫು ತುಂಬಿ ಇಟ್ಟರೆ ಅಷ್ಟು ಬರಬಹುದೇನೋ. ಅಡಿಗೆ ಮಾಡುವ ಮನೆಯವರಿಗೆ ಅದು ಮೂರು ದಿನದ ಬಾಕ್ಸು. ಅಷ್ಟು ತಿಳಿದು ಕೊಂಡರೆ ಒಳ್ಳೆಯ ಬಾಕ್ಸು, ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಎರಡನೇ ವರ್ಷ ಎರಡು ಬದಲಾವಣೆ ಮಾಡಿದೆ. ಬಾಕ್ಸನ್ನು ಬೇವಿನ ಗಿಡದ ಕೆಳಗೆ ಎರಡು ಇಟ್ಟಿಗೆ ಮೇಲಿಟ್ಟು ಒದ್ದೆ ಗೋಣಿ ತಟ್ಟು ಹೊದಿಸಿದೆ, ಮಕ್ಕಳಿಗೆ ದಿನಕ್ಕೆ ಮೂರು ಸಲ ಗೋಣಿಗೆ ನೀರು ಚಿಮುಕಿಸುವ ಕೆಲಸ ಕೊಟ್ಟೆ. ನಮ್ಮ ಕಡೆಯ ಒಣ ಹವೆಯಲ್ಲಿ ನೀರು ಬೇಗ ಆರುತ್ತದೆ, ಆರುವಾಗ ತಂಪು ಮಾಡುತ್ತದೆ. ಮಡಕೆಯ ನೀರು ತಣ್ಣಗಾಗುವುದೂ ಹೀಗೇ. ಎರಡನೆಯದು, ಹಾಲು, ಮೊಸರು, ಮಕ್ಕಳ ತಂಪು ನೀರು ಇವಕ್ಕೆಲ್ಲ ಹಳೇ ಥರ್ಮಾಕೋಲ್ ಡಬ್ಬಿ. ಖಂಡದ ಬಾಕ್ಸನ್ನು ದಿನಕ್ಕೆ ಎರಡೇ ಸಲ ತೆಗೆಯುವುದು. ನಾಲ್ಕನೇ ದಿನ ಮಧ್ಯಾಹ್ನದ ತನಕ 5 ಡಿಗ್ರಿಗಿಂತ ಕೆಳಗೇ ಇತ್ತು, ಅಂದರೆ ಅರ್ಧ ದಿನದಷ್ಟು ಲಾಭ.

ಮಡಕೆಯ ಮಾತು ಬಂತಲ್ಲ, ಅದರ ಬಗ್ಗೆ ಒಂದು ಎಚ್ಚರಿಕೆ. ಮಡಕೆಯೊಳಗೆ ಮಡಕೆ ಇಟ್ಟು ನಡುವೆ ಒದ್ದೆ ಉಸುಕು ತುಂಬಿದರೆ ಫ್ರಿಜ್ಜು ಬೇಡ ಅಂತ ಅಣ್ಣ ಎಲ್ಲೋ ನೋಡಿಬಂದಿದ್ದ. ಕಾಯಿಪಲ್ಯಕ್ಕೆ ಅದು ಬಹಳ ಒಳ್ಳೆಯದು, ಮೆಂತ್ಯ ಸೊಪ್ಪು ಎರಡು ದಿನ ಹಸಿರಾಗಿಯೇ ಇತ್ತು. ಆದರೆ ಕಡ್ಡಿ ಇಟ್ಟು ನೋಡಿದರೆ ಹೊರಗೆ 29, ಒಳಗೆ 19. ಖಂಡಕ್ಕೆ ಅದು ಉಪಯೋಗಕ್ಕೆ ಬಾರದು.

ಬೇಸಿಗೆಯಲ್ಲಿ ಬಾಕ್ಸು ಇನ್ನೊಂದೇ ಕಥೆ. ಏಪ್ರಿಲ್ ಕೊನೆಗೆ, ಹೊರಗೆ 42 ಡಿಗ್ರಿ ಇದ್ದಾಗ, ಮನೆಯ ಪಡಸಾಲೆಯಲ್ಲಿ ಅಷ್ಟೇ ಬಾಟಲಿ, ಅಷ್ಟೇ ಖಂಡ ಇಟ್ಟು ನೋಡಿದೆ. ಎರಡೂವರೆ ದಿನಕ್ಕೆ 5 ಡಿಗ್ರಿ ದಾಟಿತು. ಬಾಕ್ಸಿನ ತಪ್ಪಲ್ಲ. ಹೊರಗಿನ ಬಿಸಿ ಹೆಚ್ಚಿದಷ್ಟೂ ಒಳಗೆ ನುಗ್ಗುವ ಬಿಸಿಯೂ ಹೆಚ್ಚು. ಬೇಸಿಗೆಯಲ್ಲಿ ಹೋಗುವವರು ಎರಡು ದಿನದ ಖಂಡ ಮಾತ್ರ ಒಯ್ಯಿರಿ. ಬಿಸಿಲಿಗೆ ನಿಲ್ಲಿಸಿದ ಗಾಡಿಯ ಡಿಕ್ಕಿಯಲ್ಲಂತೂ ಇಡಲೇಬೇಡಿರಿ.

ಇನ್ನು ಬಾಕ್ಸಿನ ದೋಷ. ನೀರು ಬಿಡುವ ಬೂಚಿನ ವಾಷರ್ ಮೊದಲ ಪ್ರವಾಸದಲ್ಲೇ ಸೋರಿತು. ಬಾಟಲಿಯ ಹೊರಗೆ ಬೆವರಿದ ನೀರೆಲ್ಲ ಗಾಡಿಯ ಚಾಪೆಗೆ. ಕಂಪನಿಯ ನಂಬರಿಗೆ ಮೂರು ಸಲ ಫೋನ್ ಮಾಡಿದೆ, ಪ್ರತಿ ಸಲ ಕಳಿಸುತ್ತೇವೆ ಅಂದರು, ಇವತ್ತಿಗೂ ಬಂದಿಲ್ಲ. 4,600 ಕೊಟ್ಟವರಿಗೆ ಐದು ರೂಪಾಯಿಯ ವಾಷರ್ ಕಳಿಸದಿರುವುದು ನನಗೆ ನೋವು ತಂದಿದೆ. ಕೊನೆಗೆ ನಳದ ಸಾಮಾನಿನ ಅಂಗಡಿಯಲ್ಲಿ ಅಳತೆಯ ರಬ್ಬರ್ ಸಿಕ್ಕಿತು, ಹಾಕಿದ ಮೇಲೆ ಹನಿ ಬಿಟ್ಟಿಲ್ಲ. ಹಿಡಿಕೆ ತೆಳು, ತುಂಬಿದ ಬಾಕ್ಸು 27 ಕಿಲೋ ಆಗುತ್ತದೆ, ಎತ್ತಿದರೆ ಬೆರಳಿಗೆ ಕೊರೆಯುತ್ತದೆ. ಬಟ್ಟೆ ಸುತ್ತಿಕೊಂಡಿದ್ದೇವೆ. ಚಿಲಕ ಮಾತ್ರ ಬಹಳ ಗಟ್ಟಿ. ಕಾಡಂಚಿನಲ್ಲಿ ಅದು ಬೇಕೇ ಬೇಕು, ಚಿಂಚೋಳಿ ಕಾಡಿನಲ್ಲಿ ತೋಳ, ಕತ್ತೆಕಿರುಬ, ನರಿ ಎಲ್ಲ ಇವೆ. 2011ರಲ್ಲಿ ವನ್ಯಜೀವಿ ಧಾಮವಾದ ಜಾಗ ಅದು, ಧಾಮದೊಳಗೆ ಒಲೆ ಹೂಡುವುದು ಸಲ್ಲ, ನಮ್ಮ ಡೇರೆ ಅಣ್ಣನ ಹೊಲದ ಬದುವಿನ ಒಳಗೇ. ರಾತ್ರಿ ಬಾಕ್ಸನ್ನು ಗಾಡಿಯೊಳಗೆ ಇಟ್ಟು ಬಾಗಿಲು ಹಾಕುತ್ತೇವೆ. ಎಲುಬು, ತೊಳೆದ ನೀರು ಎಲ್ಲ ದೂರದಲ್ಲಿ ಆಳವಾಗಿ ಹೂಳುತ್ತೇವೆ.

ಅಡಿಗೆಯ ಸರದಿಯೂ ಬಾಕ್ಸಿನಷ್ಟೇ ಮುಖ್ಯ. ಮೊದಲ ದಿನ ಕೋಳಿ ಮತ್ತು ಕಲೀಜಿ (ಯಕೃತ್ತು), ಏಕೆಂದರೆ ಅವೇ ಮೊದಲು ಕೆಡುವುದು. ಎರಡನೇ ದಿನ ಎಲುಬಿನ ಸಾರು, ಬಿಸಿ ಜೋಳದ ರೊಟ್ಟಿ. ಮೂರನೇ ದಿನ ತೊಡೆಯ ತುಂಡು, ಉಳಿದ ಖಂಡವೆಲ್ಲ ಅವತ್ತೇ ಒಲೆಗೆ. ಥರ್ಮಾಮೀಟರ್ 5 ತೋರಿಸಿದರೆ ಎರಡನೇ ದಿನವಾದರೂ ಸರಿ, ಆಗಲೇ ಎಲ್ಲ ಬೇಯಿಸಿಬಿಡುವುದು. ಕುದಿಸಿದ ಸಾರು ರಾತ್ರಿಗೆ ಉಳಿಸುವುದಿಲ್ಲ, ಉಳಿದರೆ ಕೆಲಸದವರ ಮನೆಗೆ ಬಿಸಿ ಇರುವಾಗಲೇ ಕೊಡುತ್ತೇವೆ.

ನಾಲ್ಕನೇ ದಿನ ಮತ್ತು ಐದನೇ ದಿನ ಏನು? ನಾಲ್ಕನೇ ದಿನ ಊರಿನಿಂದ ಜವಾರಿ ಕೋಳಿ ಜೀವಂತ ತಂದು ಅಲ್ಲೇ ಕೊಯ್ಯುವುದು, ಜತೆಗೆ ತತ್ತಿ (ಮೊಟ್ಟೆ). ತೊಳೆಯದ ತತ್ತಿಗೆ ನೆರಳು ಸಾಕು, ಬರ್ಫು ಬೇಕಿಲ್ಲ. ಐದನೇ ದಿನ ನಮ್ಮ ಅವ್ವನ ಒಣಖಂಡ.

ಈ ಒಣಖಂಡದ ಬಗ್ಗೆ ಬರೆಯದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ. ಅವ್ವ ಬೇಸಿಗೆಯಲ್ಲಿ ಮಾಡುತ್ತಾಳೆ, ಬಿಸಿಲು ಕಡುವಾಗಿರಬೇಕು. ಕೊಬ್ಬಿಲ್ಲದ ಖಂಡವನ್ನು ಕಿರುಬೆರಳಿನಷ್ಟು ದಪ್ಪ, ಗೇಣುದ್ದ ಕೊಯ್ಯುತ್ತಾಳೆ. ಕೊಬ್ಬು ಒಣಗುವುದಿಲ್ಲ, ಮುಗ್ಗುವಾಸನೆ ಹಿಡಿಯುತ್ತದೆ, ಅದಕ್ಕೆ ಒಂದು ಎಳೆಯನ್ನೂ ಬಿಡುವುದಿಲ್ಲ. ಉಪ್ಪು ಧಾರಾಳ, ಅರಿಷಿಣ, ಜಜ್ಜಿದ ಬೆಳ್ಳುಳ್ಳಿ, ಖಾರಪುಡಿ ತಿಕ್ಕಿ ಒಂದು ತಾಸು ಬಿಟ್ಟರೆ ನೀರು ಬಿಡುತ್ತದೆ, ಅದನ್ನು ಚೆಲ್ಲುತ್ತಾಳೆ. ದಬ್ಬಣದಲ್ಲಿ ದಾರ ಪೋಣಿಸಿ ಸರ ಮಾಡಿ, ಒಂದಕ್ಕೊಂದು ತಾಗದಂತೆ ಮಾಳಿಗೆಯ ಮೇಲೆ ತೂಗುಹಾಕಿ, ಸುತ್ತ ತೆಳು ಸೀರೆ ಕಟ್ಟುತ್ತಾಳೆ, ನೊಣ ಕೂರಬಾರದು. ಸಂಜೆ ಒಳಗೆ, ಬೆಳಿಗ್ಗೆ ಮತ್ತೆ ಬಿಸಿಲಿಗೆ. ಮೂರು ನಾಲ್ಕು ದಿನ. ಆಗಿದೆಯೋ ಇಲ್ಲವೋ ನೋಡಲು ಒಂದು ಎಳೆ ತೆಗೆದು ಬಾಗಿಸುತ್ತಾಳೆ. ಚಕ್ಕೆಯಂತೆ ಲಟ್ ಅಂತ ಮುರಿಯಬೇಕು. ರಬ್ಬರಿನಂತೆ ಬಾಗಿದರೆ ಇನ್ನೊಂದು ದಿನ. ನೀರಿಲ್ಲದ ಕಡೆ ಕ್ರಿಮಿ ಬೆಳೆಯಲಾರದು, ಉಪ್ಪು ಉಳಿದ ನೀರನ್ನೂ ಅದಕ್ಕೆ ಸಿಗದಂತೆ ಹಿಡಿದಿಡುತ್ತದೆ. ಓದು ಬರಹ ಇಲ್ಲದ ನಮ್ಮವ್ವ ಇದನ್ನು ತನ್ನ ಅತ್ತೆಯಿಂದ ಕಲಿತಳು. ಕುರಿ ಹಿಂಡಿನ ಹಿಂದೆ ತಿಂಗಳುಗಟ್ಟಲೆ ಹೋಗುತ್ತಿದ್ದ ಮಾವನಿಗೆ ಬುತ್ತಿ ಕಟ್ಟಿಕೊಡಲು ಆಕೆ ಮಾಡುತ್ತಿದ್ದಳಂತೆ.

ಅವ್ವನಿಗೆ ನಾನು ಸೇರಿಸಿದ್ದು ಎರಡೇ: ಕೈಯನ್ನು ಸಾಬೂನಿನಿಂದ ತೊಳೆಯುವುದು, ಮತ್ತು ಮೋಡ ಮುಸುಕಿದ ದಿನ ಮಾಡದೇ ಇರುವುದು. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಹೊಲಕ್ಕೆ ಒಯ್ಯುತ್ತೇವೆ. ಐದನೇ ರಾತ್ರಿ ಎಳೆಗಳನ್ನು ಕೆಂಡದ ಮೇಲೆ ಸುಟ್ಟು, ಕಲ್ಲಿನ ಮೇಲೆ ಜಜ್ಜಿ, ತೊಗರಿ ಬೇಳೆ ಮತ್ತು ಪುಂಡಿಪಲ್ಯದ ಜತೆ ಚೆನ್ನಾಗಿ ಕುದಿಸುತ್ತೇವೆ. ಉಪ್ಪು ಬೇರೆ ಹಾಕಬೇಕಿಲ್ಲ. ಹೋದ ವರ್ಷ ಆ ಕಿರಿ ಮಗಳೇ, ಈಗ ಒಂಬತ್ತರ ಹುಡುಗಿ, ಎರಡು ಸಲ ಹಾಕಿಸಿಕೊಂಡು, "ಅತ್ತೀ, ನಾಳಿಗೂ ಇದೇ ಮಾಡ್ರಿ" ಅಂದಳು.

ಆರೋಗ್ಯ ಇಲಾಖೆಯಲ್ಲಿರುವ ನನ್ನಂಥವರಿಗೆ ಒಂದು ಮಾತು. ಲಸಿಕೆ ಒಯ್ಯುವ ಕ್ಯಾರಿಯರ್ ಮನೆಯಲ್ಲೇ ಇದೆಯಲ್ಲ, ನಾಲ್ಕು ಐಸ್ ಪ್ಯಾಕ್ ಹಾಕಿ ಖಂಡ ಒಯ್ದರೆ ಆಯ್ತು ಅಂತ ಒಬ್ಬರು ನನಗೆ ಹೇಳಿದ್ದರು. ದಯವಿಟ್ಟು ಹಾಗೆ ಮಾಡಬೇಡಿರಿ. ಅದು ಕೂಸುಗಳ ಲಸಿಕೆಗೆ ಮೀಸಲು. ಹಾಗೆಯೇ ಕೇಂದ್ರದ ಲಸಿಕೆ ಫ್ರಿಜ್ಜಿನಲ್ಲಿ ಬಾಟಲಿ ಗಟ್ಟಿ ಮಾಡಲು ಇಡುವುದೂ ತಪ್ಪು. ನಾದಿನಿಯ ಮನೆ ನಾಲ್ಕು ಓಣಿ ಆಚೆ ಇದ್ದರೂ ನಾನು ಅಲ್ಲಿಗೇ ಒಯ್ಯುತ್ತೇನೆ.

ಈ ಸಲದ ಎಳ್ಳ ಅಮವಾಸ್ಯೆಗೆ ಎಂಟರ ಬದಲು ಹತ್ತು ಬಾಟಲಿ, ಖಂಡ ಒಂದು ಕಿಲೋ ಕಡಿಮೆ. ಅವ್ವ ಏಪ್ರಿಲ್‌ನಲ್ಲೇ ನಾಲ್ಕು ಸರ ಒಣಗಿಸಿ ಡಬ್ಬಿ ತುಂಬಿದ್ದಾಳೆ, ಹೋದ ವರ್ಷ ಎರಡೇ ಇದ್ದವು. ವಾಷರ್ ಇನ್ನೊಂದು ಕೊಂಡು ಮುಚ್ಚಳದ ಒಳಗೆ ಅಂಟಿಸಿ ಇಟ್ಟಿದ್ದೇನೆ.